ಒರಿ

ಚೂರಿ ಆಮ್ಯಾಲ ನೋಡೂಣಂತ, ಪಕ್ಕಕ್ಕಿಡ್ರಿ.
ಅಲಗು ಸುಳ್ಳಾಡತೈತಿ.
ಸಾಣಿಯವ ಒಮ್ಮೆ ಗಾಲಿ ತಿರುವಿದರ ಸಾಕು
ಮುದುಕಿ ಹರೇದಾಕಿ ಆಗಿ ಎದ್ದು ಕುಂದರತಾಳ.
ಒರಿ ಕೊಡ್ರಿ ನನಗ.
ಒರಿಗೆ ಹಚ್ಚೂದು ಅಂತಾರಲ್ಲ ಮಂದಿ, ಬಂಗಾರದ ಮಾತು ಅದು;
ನಮ್ಮ ಮನಿಯಾಗ ಒರಿನ ಒರಿಗೆ ಹಚ್ಚತೇವಿ.

ಮೊದಲ ಮೂಗು.
ತಂಗಡಿ ಚಕ್ಕಿ ನೀರಿನಾಗ ತಿಂಗಳಗಟ್ಲೆ ನೆನೆದ ತೊಗಲಿಗೆ
ಹಳೇ ಕಷಾಯದ ವಾಸನಿ, ಎಷ್ಟು ವರ್ಷಾದರೂ ಹೋಗಂಗಿಲ್ಲ.
ಕಾರ್ಖಾನಿ ತೊಗಲು ಮೂಗು ಚುಚ್ಚತೈತಿ, ಕೊಯ್ದ ಅಂಚು ನೀಲಿ.
ಆಮ್ಯಾಲ ದಾರ. ಒಂದೆಳಿ ಕಿತ್ತು ಕಡ್ಡಿ ಗೀರ್ರಿ:
ಬೂದಿಯಾದರ ಹತ್ತಿ,
ಮುದುಡಿ ಮಣಿಯಾದರ ನೈಲಾನು.
ನೈಲಾನಿನ ಒರಿ ತಂದು ಪೇಶ್ವೇರ ಹೆಸರು ಹೇಳಬ್ಯಾಡ್ರಿ,
ನಾ ನಗತೀನಿ.

ಕೋಣನ ಕೊಂಬಿನ ಹಿಡಿಕಿ. ತಾಮ್ರದ ಮೊಳಿ,
ತಲಿ ಸೊಟ್ಟ, ಕೈಲೆ ಬಡಿದದ್ದು.
ಮೊಳಿ ಬುಡಕ ನೋಡ್ರಿ, ವಾಶರ್ ಆಗಿ ಕುಂತದ್ದು ತೂತು ಬಿಲ್ಲಿ,
ಯುದ್ಧದ ಕಾಲದ ದುಡ್ಡು.
ಹಂಗಂತ ಚೂರಿ ಆ ಕಾಲದ್ದು ಅನಬ್ಯಾಡ್ರಿ;
ಬಿಲ್ಲಿ ಮೂವತ್ತು ವರ್ಷ ಕಮ್ಮಾರನ ಡಬ್ಬಿಯೊಳಗ
ನಿದ್ದಿ ಹೊಡೆದಿರಬಹುದು.
ಅದಕ್ಕಿಂತ ಹಿಂದಿನದಲ್ಲ ಅನಬಹುದು. ಅಷ್ಟ.

ಅಲಗಿನ ಬೆನ್ನಿಗೆ ಉಗುರು ಎಳೆದೆ: ಸಣ್ಣ ಸಣ್ಣ ಗೆರಿ.
ಅರದ ಹಲ್ಲು.
ಗದಗ ರೋಡಿನ ರೈಲ್ವೆ ವರ್ಕ್‌ಶಾಪಿನಾಗ ಸವೆದ ಅರ
ಊಟದ ಡಬ್ಬಿಯೊಳಗ ಗೇಟು ದಾಟಿ
ಹಳೇ ಹುಬ್ಬಳ್ಳಿ ಕುಲಮಿಯೊಳಗ ಚೂರಿಯಾಗಿ ಹುಟ್ಟತಿದ್ದವು,
ಅದೆಷ್ಟೋ.

ರಾಘುಸಾ ಮೇಹರವಾಡೆ ಕುರ್ಚಿ ಅಂಚಿಗೆ ಕುಂತಾನ.
ಇವನ ಅಂಗಡಿಗೆ ಎಲ್ಲಾ ಚೂರಿನೂ ಕಿತ್ತೂರಿಂದನ ಬರತಾವ.
ಪುಣೆದಾಗ ಗಿರಾಕಿ ಅದಾನಂತ, ಫೋನಿನ್ಯಾಗ ಕಾಯಾಕತ್ತಾನಂತ.
"ನೂರು ವರ್ಷ ಅಂತ ಒಂದು ಚೀಟಿ ಬರೀರಿ ದ್ಯಾಮವ್ವಾರ,
ನಿಮ್ಮ ಮಾತಂದ್ರ ಮಾತು."

ಒರಿ ಹೊಳ್ಳಿಸಿದೆ.
ಬಾಯಿಂದ ನಡುವಿನ ತನಕ ಹೊಲಿಗಿ ಇರಿವಿ ಸಾಲಿನಂಗ.
ಅಲ್ಲಿಂದ ಮುಂದ ಎಡಕ್ಕ ವಾಲ್ಯಾವ.
ತುದಿ ಹತ್ರ ಮೂರು ತೂತು, ದಾರಿಲ್ಲ,
ತಪ್ಪಿ ಚುಚ್ಚಿದ್ದು.

ನನ್ನ ಹೆಬ್ಬಟ್ಟು ಮೊದಲ ಗುರುತು ಹಿಡೀತು, ಆಮ್ಯಾಲ ನಾನು.

ಒಂಬತ್ತು ವರ್ಷ ನನಗ. ಅಪ್ಪ ಫಕೀರಪ್ಪನ ಬಲಗೈ
ಉಗುರುಸುತ್ತಾಗಿ ಬಾತು ಬದನಿಕಾಯಿ,
ನಟ್ಟನಡುವ ಹೊಲಿಗಿ ಬಿಟ್ಟು ಗ್ವಾಡಿಗೆ ಆನಿಕೊಂಡಿದ್ದ.
ಮುಂಜಾನೆ ಭೋಂಗಾ ಆಗೂದ್ರೊಳಗ ಫಿಟ್ಟರ್ ಅಂತೋನಿಗೆ ಕೊಡಬೇಕು,
ರೊಕ್ಕ ಮೊದಲ ತಗೊಂಡು ಜ್ವಾಳ ತಂದಾಗಿತ್ತು.
ಕಂದೀಲದ ಬುಡಕ ಆರಿ ಹಿಡಿದೆ.
"ಸಣ್ಣಾಗಿ ಚುಚ್ಚು" ಅಂದ. "ಅಲ್ಲಲ್ಲ." "ಹ್ಞಾಂ." "ಅಲ್ಲಲ್ಲ."
ಒಳಗ ಅಸ್ತರಿಗೆ ಬಟ್ಟಿ ಸಾಲದ
ನನ್ನ ಲೆಕ್ಕದ ಪಟ್ಟಿ ಹಾಳಿ ಹರಿದು ಹಾಕಿದ್ವಿ:
ಹದಿಮೂರರ ಮಗ್ಗಿ, ಮಾಸ್ತರ ಕೆಂಪು ಗೀಟು, ತಾರೀಖು.

ಅಪ್ಪನ ಮುದ್ರಿ ಒಂದಿತ್ತು, ಅಕ್ಕಿಕಾಳಿನಷ್ಟು ಅರ್ಧಚಂದ್ರ,
ಎಲ್ಲಾ ಒರಿಗೂ ಬಾಯಿ ಹತ್ರ ಹೊಡೀತಿದ್ದ.
ಇದಕ್ಕ ಹೊಡೀಲಿಲ್ಲ.
ಕೈಗೆತ್ತಿಕೊಂಡು, ಹೊಳ್ಳಿಸಿ ಹೊಳ್ಳಿಸಿ ನೋಡಿ, ಇಟ್ಟ.
ಯಾಕಂತ ನಾ ಕೇಳಲಿಲ್ಲ; ಅವ ಹೇಳಲಿಲ್ಲ.
ಆ ಮುದ್ರಿ ಈಗ ನನ್ನ ಡ್ರಾವರಿನ್ಯಾಗ ಐತಿ, ಗುಂಡಿ ಡಬ್ಬಿಯೊಳಗ.

"ಹೊಲಿಗಿ ಬಿಚ್ಚಿದ್ರ ತಾರೀಖ ಸಿಗತೈತಿ" ಅಂದೆ.
"ಬಿಚ್ಚಿದ ಒರಿಗೆ ಯಾರ್ ರೊಕ್ಕ ಕೊಡ್ತಾರ್ರಿ?"
ಅದೂ ಖರೇನ.
ಬಿಚ್ಚೂದು ನನಗೂ ಬ್ಯಾಡಾಗಿತ್ತು.

ಚೀಟಿ ಬರದೆ: ಅಲಗು, ಅರದ್ದು. ಹಿಡಿಕಿ, ಕೋಣನ ಕೊಂಬು.
ಒರಿ, ಎರಡು ಕೈಯಿಂದು. ಐವತ್ತ್ಮೂರು ವರ್ಷ.
"ಎರಡು ಕೈ ಅಂದ್ರ?"
"ಎಲ್ಲಾ ಒರಿನೂ ಎರಡು ಕೈಲೆನ ಹೊಲೀತಾರ, ತಗೋರಿ."
ರಾಘುಸಾ ಚೀಟಿ ಓದಿದ, ಮತ್ತ ಓದಿದ,
ಚೂರಿ ಒರಿಯೊಳಗ ಇಳಿಸಿದ.
ತುದಿಯೊಳಗ ಒಂಚೂರು ಬಿಗಿ ಆತು. ಆವಾಗೂ ಆಗಿತ್ತು.
"ನೂರು ಬ್ಯಾಡ, ಹೋಗ್ಲಿ," ಅಂದ,
"ಎಂಬತ್ತರೆ ಮಾಡ್ರಿ."